ಶುಗರ್ ‘ಬಾರ್ಡರ್‌’ನಲ್ಲಿದೆ ಎಂದರೆ ಏನರ್ಥ? ಮಾಧವರಂ ಲಾರಿ ಚಾಲಕರಿಂದ ನಿಮ್ಮ ಮನೆಯವರೆಗೆ ಎಲ್ಲರಿಗೂ ಬೇಕಾದ ಆರೋಗ್ಯ ಸಾಕ್ಷರತೆ

ಚೆನ್ನೈ: "ಶುಗರ್ ಬಾರ್ಡರ್‌ನಲ್ಲಿದೆ, ಸ್ವಲ್ಪ ನೋಡಿಕೊಳ್ಳಿ." ರಕ್ತ ಪರೀಕ್ಷೆಯ ವರದಿ ಹಿಡಿದು ಹೊರಬರುವ ಎಷ್ಟೋ ಜನರಿಗೆ ಸಿಗುವ ಮಾಹಿತಿ ಇಷ್ಟೇ. ಏನನ್ನು ನೋಡಿಕೊಳ್ಳಬೇಕು, ಎಷ್ಟು ದಿನ ನೋಡಿಕೊಳ್ಳಬೇಕು, ಮತ್ತೆ ಯಾವಾಗ ಪರೀಕ್ಷೆ ಮಾಡಿಸಬೇಕು ಎಂದು ಬಿಡಿಸಿ ಹೇಳುವವರು ಕಡಿಮೆ. ಮನೆಗೆ ಬಂದವರು ಕಾಫಿಗೆ ಸಕ್ಕರೆ ಹಾಕುವುದನ್ನು ನಿಲ್ಲಿಸುತ್ತಾರೆ. ತಟ್ಟೆಯಲ್ಲಿನ ಅನ್ನದ ರಾಶಿ ಮಾತ್ರ ಹಾಗೆಯೇ ಇರುತ್ತದೆ. ಎರಡು ಮೂರು ವರ್ಷ ಕಳೆದು ಮತ್ತೆ ಪರೀಕ್ಷೆ ಮಾಡಿಸಿದಾಗ ಅದು ಬಾರ್ಡರ್ ಆಗಿ ಉಳಿದಿರುವುದಿಲ್ಲ, ಮಧುಮೇಹವೇ ಆಗಿರುತ್ತದೆ.

ಈ ಎರಡು ಮೂರು ವರ್ಷಗಳ ಅವಧಿಯೇ ಬಹಳ ಮುಖ್ಯ. ಕಾಯಿಲೆ ಇನ್ನೂ ಬಂದಿಲ್ಲ, ಆದರೆ ಬರುವ ಸಾಧ್ಯತೆ ಹೆಚ್ಚಿದೆ. ಈ ಹಂತದಲ್ಲಿ ಏನು ಮಾಡಬೇಕು ಎಂಬುದನ್ನು ಹುಡುಕಿ, ಅರ್ಥ ಮಾಡಿಕೊಂಡು, ದಿನನಿತ್ಯದ ಬದುಕಿನಲ್ಲಿ ಬಳಸುವ ಶಕ್ತಿಯನ್ನೇ ತಜ್ಞರು ‘ಆರೋಗ್ಯ ಸಾಕ್ಷರತೆ’ ಎನ್ನುತ್ತಾರೆ. ಇದಕ್ಕೂ ಓದು ಬರಹಕ್ಕೂ ಸಂಬಂಧವಿದೆ, ಆದರೆ ಎರಡೂ ಒಂದೇ ಅಲ್ಲ. ಪದವಿ ಪಡೆದವರೂ ಲ್ಯಾಬ್ ವರದಿ ಓದಲು ಬಾರದೆ ಒದ್ದಾಡುತ್ತಾರೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೊಬ್ಬರು ತಮ್ಮ ಬಿಪಿ ಮಾತ್ರೆಯನ್ನು ಒಂದು ದಿನವೂ ತಪ್ಪಿಸದೆ ನುಂಗುವುದನ್ನೂ ನಾವು ನೋಡಿದ್ದೇವೆ.

ಮಾಧವರಂ ಯಾಕೆ?

ಚೆನ್ನೈನ ಉತ್ತರ ಭಾಗದ ಮಾಧವರಂ, ಸರಕು ಸಾಗಣೆಯವರಿಗೆ ಚಿರಪರಿಚಿತ ಹೆಸರು. ಇಲ್ಲಿ ಚೆನ್ನೈ ಮಹಾನಗರ ಅಭಿವೃದ್ಧಿ ಪ್ರಾಧಿಕಾರದ ಟ್ರಕ್ ಟರ್ಮಿನಲ್ ಇದೆ. ಆಂಧ್ರ ಕಡೆಗೆ ಹೋಗುವ ಬಸ್‌ಗಳ ನಿಲ್ದಾಣ 2018ರಲ್ಲಿ ಆರಂಭವಾಯಿತು. ಮಿಲ್ಕ್ ಕಾಲೊನಿಯಲ್ಲಿ ಆವಿನ್ ಡೈರಿ, ಪಶುವೈದ್ಯಕೀಯ ವಿಶ್ವವಿದ್ಯಾಲಯ ಇವೆ. ಹಿಂದೆ ತಿರುವಳ್ಳೂರು ಜಿಲ್ಲೆಯ ಪುರಸಭೆಯಾಗಿದ್ದ ಈ ಊರು 2011ರಲ್ಲಿ ಚೆನ್ನೈ ಪಾಲಿಕೆಗೆ ಸೇರಿತು. ಈಗ ಅದು ಪಾಲಿಕೆಯ ಮೂರನೇ ವಲಯ.

ಲಾರಿ, ಗೋದಾಮು, ಬಸ್ಸು ಎಂದ ಮೇಲೆ ದುಡಿಮೆಯ ಸ್ವರೂಪ ಹೇಗಿರುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಗಂಟೆಗಟ್ಟಲೆ ಸೀಟಿನಲ್ಲಿ ಕೂರುವುದು, ರಾತ್ರಿ ಹೊತ್ತು ಪರೋಟ, ನಿದ್ದೆ ತಡೆಯಲು ಸಕ್ಕರೆ ತುಂಬಿದ ಟೀ, ಕೆಲವರಿಗೆ ಜೊತೆಗೊಂದು ಬೀಡಿ. ಇಂಥ ಕಡೆ ತಮಿಳು, ತೆಲುಗು, ಹಿಂದಿ, ಕನ್ನಡ ಎಲ್ಲವೂ ಕಿವಿಗೆ ಬೀಳುತ್ತವೆ. ಆದರೆ ಔಷಧ ಚೀಟಿ ಮಾತ್ರ ಇಂಗ್ಲಿಷ್‌ನಲ್ಲೇ ಇರುತ್ತದೆ. ನಮ್ಮ ಹುಬ್ಬಳ್ಳಿಯಲ್ಲೋ ದಾವಣಗೆರೆಯಲ್ಲೋ ಲೋಡ್ ಹತ್ತಿಸಿಕೊಂಡು ಬಂದ ಚಾಲಕನಿಗೆ ಅದನ್ನು ಓದಿ ಹೇಳುವವರು ಯಾರು?

ಹೆಸರು ಗೊತ್ತು, ತಡೆಯಬಹುದು ಎಂದು ಗೊತ್ತಿಲ್ಲ

ಮಧುಮೇಹದ ಬಗ್ಗೆ ಭಾರತದಲ್ಲಿ ಅತಿ ಹೆಚ್ಚು ಅಧ್ಯಯನ ನಡೆದಿರುವ ನಗರಗಳಲ್ಲಿ ಚೆನ್ನೈ ಒಂದು. ಡಾ. ವಿ. ಮೋಹನ್ ನೇತೃತ್ವದ ತಂಡ ನಡೆಸಿದ ‘ಕ್ಯೂರ್ಸ್’ ಅಧ್ಯಯನದಲ್ಲಿ ನಗರದ 26,001 ಮಂದಿಯನ್ನು ಮಾತನಾಡಿಸಲಾಯಿತು. ಜನರ ತಿಳಿವಳಿಕೆ ಕುರಿತ ಅದರ ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ಮಧುಮೇಹ ಎಂಬ ಕಾಯಿಲೆ ಇದೆ ಎಂದು ತಿಳಿದಿದ್ದವರು ಶೇ.75ರಷ್ಟು. ಪರವಾಗಿಲ್ಲ ಅನಿಸುತ್ತದೆ ಅಲ್ಲವೇ? ಮುಂದಿನ ಅಂಕಿ ನೋಡಿ. ಅದನ್ನು ಬಾರದಂತೆ ತಡೆಯಬಹುದು ಎಂದು ನಂಬಿದ್ದವರು ಶೇ.22 ಮಾತ್ರ. ಬೊಜ್ಜು ಮತ್ತು ದೈಹಿಕ ಶ್ರಮವಿಲ್ಲದ ಬದುಕು ಇದಕ್ಕೆ ಕಾರಣವಾಗುತ್ತವೆ ಎಂದು ಗೊತ್ತಿದ್ದವರು ಶೇ.12ಕ್ಕಿಂತ ಕಡಿಮೆ.

ಆಗ ಮಾಧವರಂ ಇನ್ನೂ ಪಾಲಿಕೆಯ ಗಡಿಯ ಹೊರಗಿತ್ತು ಎಂಬುದು ನೆನಪಿರಲಿ. ಅಂದರೆ ಇದು ನಗರದ ಒಳಗಿನವರ ಲೆಕ್ಕ. ಮುಂದೆ ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್ ಮತ್ತು ಚಂಡೀಗಢದಲ್ಲಿ ನಡೆದ ಐಸಿಎಂಆರ್-ಇಂಡಿಯಾಬ್ ಮೊದಲ ಹಂತದ ಸಮೀಕ್ಷೆಯಲ್ಲಿ ಕಾಯಿಲೆಯ ಹೆಸರು ಕೇಳಿದ್ದವರೇ ಶೇ.43. ಹಳ್ಳಿಗಳಲ್ಲಿ ಈ ಪ್ರಮಾಣ ಇನ್ನೂ ಕಡಿಮೆ, ಶೇ.37ರ ಆಸುಪಾಸು.

ಇದೇ ಸಮೀಕ್ಷೆಯ ದೇಶವ್ಯಾಪಿ ವರದಿ 2023ರಲ್ಲಿ ಬಂತು. ಅದರ ಅಂದಾಜಿನಂತೆ ಭಾರತದಲ್ಲಿ 10.1 ಕೋಟಿ ಮಂದಿಗೆ ಮಧುಮೇಹವಿದ್ದು, 13.6 ಕೋಟಿ ಮಂದಿ ಅದರ ಹಿಂದಿನ ಹಂತದಲ್ಲಿದ್ದಾರೆ. ಈ ಹಿಂದಿನ ಹಂತವನ್ನೇ ನಾವು ಬಾಯಿಮಾತಿನಲ್ಲಿ ಬಾರ್ಡರ್ ಎನ್ನುವುದು. ವಯಸ್ಕರಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು, ಅಂದರೆ ಶೇ.35.5 ಮಂದಿಗೆ ಅಧಿಕ ರಕ್ತದೊತ್ತಡ ಇರುವುದೂ ಅದರಲ್ಲಿ ಕಂಡುಬಂತು.

ಒಂದೇ ಸಲಹೆ, ಎರಡು ಫಲಿತಾಂಶ

ತಿಳಿದರೆ ಸಾಕೇ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದೂ ಚೆನ್ನೈನಲ್ಲೇ. ಡಾ. ಎ. ರಾಮಚಂದ್ರನ್ ತಂಡ ನಡೆಸಿದ ‘ಭಾರತೀಯ ಮಧುಮೇಹ ತಡೆ ಕಾರ್ಯಕ್ರಮ’ದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದವರು 35ರಿಂದ 55 ವರ್ಷದ 531 ಮಂದಿ. ಎಲ್ಲರೂ ಬಾರ್ಡರ್‌ನಲ್ಲಿದ್ದವರೇ. ಅವರನ್ನು ನಾಲ್ಕು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಎಲ್ಲ ಆಸ್ಪತ್ರೆಗಳಲ್ಲೂ ಸಿಗುವ ಸಾಮಾನ್ಯ ಸಲಹೆ. ಇನ್ನೊಂದಕ್ಕೆ ಊಟ ಮತ್ತು ನಡಿಗೆಯ ಬಗ್ಗೆ ವೈಯಕ್ತಿಕ ಮಾರ್ಗದರ್ಶನ, ಆಮೇಲೆ ನಿಯಮಿತ ವಿಚಾರಣೆ. ಮೂರನೆಯದಕ್ಕೆ ಮೆಟ್‌ಫಾರ್ಮಿನ್ ಮಾತ್ರೆ. ನಾಲ್ಕನೆಯದಕ್ಕೆ ಮಾತ್ರೆ ಮತ್ತು ಮಾರ್ಗದರ್ಶನ ಎರಡೂ.

ಮೂರು ವರ್ಷದಲ್ಲಿ ಸಾಮಾನ್ಯ ಸಲಹೆ ಪಡೆದ ಗುಂಪಿನಲ್ಲಿ ಶೇ.55 ಮಂದಿಗೆ ಮಧುಮೇಹ ಬಂತು. ಹೌದು, ಅರ್ಧಕ್ಕಿಂತ ಹೆಚ್ಚು! ಮಾರ್ಗದರ್ಶನ ಪಡೆದವರಲ್ಲಿ ಅದು ಶೇ.39.3ಕ್ಕೆ ಇಳಿಯಿತು. ಮಾತ್ರೆ ನುಂಗಿದವರಲ್ಲಿ ಶೇ.40.5. ಎರಡನ್ನೂ ಮಾಡಿದವರಲ್ಲಿ ಶೇ.39.5, ಅಂದರೆ ಎರಡೂ ಸೇರಿದ್ದರಿಂದ ಹೆಚ್ಚುವರಿ ಲಾಭವೇನೂ ಆಗಲಿಲ್ಲ. ಇನ್ನೊಂದು ಕುತೂಹಲದ ಸಂಗತಿಯೆಂದರೆ, ಮಾರ್ಗದರ್ಶನ ಪಡೆದ ಗುಂಪಿನವರ ತೂಕ ಗಮನಾರ್ಹವಾಗಿ ಇಳಿದಿರಲಿಲ್ಲ. ಆದರೂ ಪ್ರಯೋಜನ ಸಿಕ್ಕಿತು. ತೂಕದ ಯಂತ್ರದ ಮುಳ್ಳು ಕದಲುತ್ತಿಲ್ಲ ಎಂದು ಎರಡನೇ ತಿಂಗಳಿಗೇ ವಾಕಿಂಗ್ ಬಿಡುವವರು ಇದನ್ನೊಮ್ಮೆ ಓದಬೇಕು.

ಇದೇ ತಂಡದ ಇನ್ನೊಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದವರು ದಕ್ಷಿಣ ಭಾರತದ 537 ಮಂದಿ ದುಡಿಯುವ ಪುರುಷರು, ಎಲ್ಲರೂ ಬಾರ್ಡರ್‌ನಲ್ಲಿದ್ದವರು. ಶುರುವಿನಲ್ಲಿ ಎರಡೂ ಗುಂಪಿಗೆ ಒಂದೇ ಸಲಹೆ ಕೊಟ್ಟರು. ವ್ಯತ್ಯಾಸ ಇದ್ದದ್ದು ಒಂದೇ. ಒಂದು ಗುಂಪಿನವರ ಮೊಬೈಲ್‌ಗೆ ಊಟ, ನಡಿಗೆ ಕುರಿತ ಪುಟ್ಟ ಎಸ್‌ಎಂಎಸ್‌ಗಳು ಆಗಾಗ ಬರುತ್ತಿದ್ದವು. ಎರಡು ವರ್ಷದ ಕೊನೆಗೆ ಎಸ್‌ಎಂಎಸ್ ಬಂದವರಲ್ಲಿ ಶೇ.18, ಬಾರದವರಲ್ಲಿ ಶೇ.27 ಮಂದಿಗೆ ಮಧುಮೇಹ ಬಂದಿತ್ತು. ಸ್ಮಾರ್ಟ್‌ಫೋನ್ ಬೇಡ, ಆ್ಯಪ್ ಬೇಡ. ಸಾದಾ ಮೊಬೈಲ್‌ಗೆ ಬಂದ ನಾಲ್ಕು ಸಾಲಿನ ಕೆಲಸ ಅದು.

ಈ ಎರಡು ಅಧ್ಯಯನಗಳನ್ನು ಜೊತೆಗಿಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟ. ಜನ ಕೇಳುವುದಿಲ್ಲ, ನಾಲಿಗೆ ಚಪಲ ಬಿಡುವುದಿಲ್ಲ ಎಂದು ರೋಗಿಯನ್ನು ದೂರುವುದು ಸುಲಭ. ಆದರೆ ಒಮ್ಮೆ ಹೇಳಿ ಕೈತೊಳೆದುಕೊಂಡ ಸಲಹೆಗೂ, ದಿನಚರಿಗೆ ಹೊಂದುವಂತೆ ಮತ್ತೆ ಮತ್ತೆ ನೆನಪಿಸಿದ ಸಲಹೆಗೂ ಫಲಿತಾಂಶದಲ್ಲಿ ಅಜಗಜಾಂತರ. ಆರೋಗ್ಯ ಸಾಕ್ಷರತೆ ರೋಗಿಯ ಪರೀಕ್ಷೆಯಷ್ಟೇ ಅಲ್ಲ, ಹೇಳುವವರ ಪರೀಕ್ಷೆಯೂ ಹೌದು. ಹಾಗೆ ನೋಡಿದರೆ ಯುರೋಪಿನ ಸ್ಥಿತಿಯೂ ಭಿನ್ನವಲ್ಲ. ಅಲ್ಲಿನ ಎಂಟು ದೇಶಗಳಲ್ಲಿ 47 ಪ್ರಶ್ನೆಗಳನ್ನಿಟ್ಟು ನಡೆಸಿದ ಸಮೀಕ್ಷೆಯಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟು ಜನರ ಆರೋಗ್ಯ ಸಾಕ್ಷರತೆ ಸಾಲದು ಎಂದು ಕಂಡುಬಂದಿತ್ತು.

ನಿಮ್ಮ ಅಪಾಯವನ್ನು ನೀವೇ ಲೆಕ್ಕ ಹಾಕಿ

ಡಾ. ಮೋಹನ್ ತಂಡವೇ ರೂಪಿಸಿದ ‘ಭಾರತೀಯ ಮಧುಮೇಹ ಅಪಾಯ ಅಂಕ’ ಎಂಬ ಸರಳ ಲೆಕ್ಕವಿದೆ. ಇದಕ್ಕೆ ರಕ್ತ ಕೊಡಬೇಕಿಲ್ಲ. ಒಂದು ಟೇಪು ಇದ್ದರೆ ಸಾಕು.

ವಯಸ್ಸು 35ಕ್ಕಿಂತ ಕಡಿಮೆಯಿದ್ದರೆ 0, 35ರಿಂದ 49 ಆದರೆ 20, 50 ದಾಟಿದ್ದರೆ 30 ಅಂಕ. ಸೊಂಟದ ಸುತ್ತಳತೆ ಪುರುಷರಿಗೆ 90 ಸೆಂ.ಮೀ., ಮಹಿಳೆಯರಿಗೆ 80 ಸೆಂ.ಮೀ. ಒಳಗಿದ್ದರೆ 0. ಅಲ್ಲಿಂದ ಮುಂದಿನ 10 ಸೆಂ.ಮೀ.ವರೆಗೆ 10, ಅದನ್ನೂ ಮೀರಿದರೆ 20. ನಿಯಮಿತ ವ್ಯಾಯಾಮವೂ ಇದೆ, ಕೆಲಸವೂ ಶ್ರಮದ್ದು ಎಂದಾದರೆ 0. ಎರಡರಲ್ಲಿ ಒಂದಿದ್ದರೆ 20. ಎರಡೂ ಇಲ್ಲದಿದ್ದರೆ 30. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗೆ ಮಧುಮೇಹವಿದ್ದರೆ 10, ಇಬ್ಬರಿಗೂ ಇದ್ದರೆ 20. ಒಟ್ಟು 60 ಅಥವಾ ಹೆಚ್ಚು ಬಂದರೆ ಅಪಾಯ ಹೆಚ್ಚು, 30ರಿಂದ 50 ಮಧ್ಯಮ, 30ಕ್ಕಿಂತ ಕೆಳಗೆ ಕಡಿಮೆ.

ಈಗ ಮಾಧವರಂಗೆ ಲೋಡ್ ತರುವ 42 ವರ್ಷದ ಚಾಲಕರೊಬ್ಬರನ್ನು ಊಹಿಸಿಕೊಳ್ಳಿ. ವಯಸ್ಸಿಗೆ 20. ಸೊಂಟ 96 ಸೆಂ.ಮೀ., ಅದಕ್ಕೆ 10. ದಿನವಿಡೀ ಸ್ಟೇರಿಂಗ್ ಹಿಂದೆ, ವ್ಯಾಯಾಮವಿಲ್ಲ, ಅದಕ್ಕೆ 30. ತಾಯಿಗೆ ಮಧುಮೇಹ, 10. ಒಟ್ಟು 70. ವಯಸ್ಸನ್ನೂ ತಾಯಿಯ ಕಾಯಿಲೆಯನ್ನೂ ಬದಲಿಸಲು ಆಗದು. ಆದರೆ ನಿಯಮಿತವಾಗಿ ನಡೆಯಲು ಶುರು ಮಾಡಿ, ಸೊಂಟವನ್ನು 90ರ ಒಳಗೆ ತಂದರೆ ಒಟ್ಟು 50ಕ್ಕೆ ಇಳಿಯುತ್ತದೆ. ಸೊಂಟ ಅಳೆಯುವಾಗ ಹೊಟ್ಟೆ ಒಳಗೆಳೆದುಕೊಂಡು ಮೋಸ ಮಾಡಿಕೊಳ್ಳಬೇಡಿ. ಪ್ಯಾಂಟಿನ ಸೈಜ್ ಕೂಡ ಲೆಕ್ಕಕ್ಕಿಲ್ಲ, ಅದನ್ನು ನಾವು ಹೊಟ್ಟೆಯ ಕೆಳಗೆ ಕಟ್ಟುತ್ತೇವೆ.

ನಮ್ಮ ಆಶಾ ಕಾರ್ಯಕರ್ತೆಯರು 30 ದಾಟಿದವರಿಗೆ ತುಂಬುವ ನಮೂನೆಯಲ್ಲೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳಿವೆ, ಜೊತೆಗೆ ತಂಬಾಕು ಮತ್ತು ಮದ್ಯದ ಪ್ರಶ್ನೆ. ಅದರಲ್ಲಿ 4ಕ್ಕಿಂತ ಹೆಚ್ಚು ಅಂಕ ಬಂದವರನ್ನು ಆದ್ಯತೆಯ ಮೇಲೆ ತಪಾಸಣೆಗೆ ಕಳಿಸುತ್ತಾರೆ. ಮನೆ ಬಾಗಿಲಿಗೆ ಬಂದವರಿಗೆ ಅವಸರದಲ್ಲಿ ಏನೋ ಒಂದು ಉತ್ತರ ಹೇಳಿ ಕಳಿಸಬೇಡಿ.

ವರದಿಯಲ್ಲಿ ಯಾವ ಅಂಕಿ ನೋಡಬೇಕು?

ಖಾಲಿ ಹೊಟ್ಟೆಯ ಸಕ್ಕರೆ 126 ಅಥವಾ ಹೆಚ್ಚಿದ್ದರೆ ಮಧುಮೇಹ. 100ರಿಂದ 125 ಇದ್ದರೆ ಬಾರ್ಡರ್ ಎನ್ನುವುದು ಹೆಚ್ಚಿನ ವೈದ್ಯರು ಅನುಸರಿಸುವ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಬಾರ್ಡರ್ 110ರಿಂದ ಶುರುವಾಗುತ್ತದೆ. ಹಾಗಾಗಿ 104 ಬಂದಾಗ ಒಬ್ಬ ವೈದ್ಯರು ನಾರ್ಮಲ್ ಎಂದೂ ಇನ್ನೊಬ್ಬರು ಬಾರ್ಡರ್ ಎಂದೂ ಹೇಳಿದರೆ ಗಾಬರಿ ಬೇಡ. ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆಯ ಬಳಿಕ ಮಾಡುವ ಪರೀಕ್ಷೆಯಲ್ಲಿ 140ರಿಂದ 199 ಬಾರ್ಡರ್, 200 ದಾಟಿದರೆ ಮಧುಮೇಹ.

ಎಚ್‌ಬಿಎ1ಸಿ ಎಂಬುದು ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ತೋರಿಸುತ್ತದೆ. 5.7ರಿಂದ 6.4 ಬಾರ್ಡರ್, 6.5ರಿಂದ ಮಧುಮೇಹ. ಪರೀಕ್ಷೆಯ ಹಿಂದಿನ ದಿನ ಉಪವಾಸ ಮಾಡಿ ಇದನ್ನು ಮೋಸ ಮಾಡಲಾಗದು. ಆದರೆ ಒಂದು ಎಚ್ಚರಿಕೆ ಇದೆ. ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇದ್ದವರಲ್ಲಿ ಈ ಅಂಕಿ ಇರುವುದಕ್ಕಿಂತ ಹೆಚ್ಚಾಗಿ ಕಾಣಬಹುದು. ನಮ್ಮಲ್ಲಿ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಸಾಮಾನ್ಯವಾದ್ದರಿಂದ ಹಿಮೋಗ್ಲೋಬಿನ್ ಎಷ್ಟಿದೆ ಎಂದೂ ವೈದ್ಯರಿಗೆ ತಿಳಿಸುವುದು ಒಳ್ಳೆಯದು.

ಬಿಪಿಗೆ 140/90 ಎಂಬ ಗಡಿ ಬಹುತೇಕರಿಗೆ ಗೊತ್ತು. ಅದನ್ನು ಅಳೆಯುವ ಕ್ರಮ ಗೊತ್ತಿರುವವರು ಕಡಿಮೆ. ಮೆಟ್ಟಿಲು ಹತ್ತಿ ಬಂದ ಕೂಡಲೇ ತೋಳು ಚಾಚಬೇಡಿ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಸುಮ್ಮನೆ ಕುಳಿತಿರಬೇಕು. ಅರ್ಧ ಗಂಟೆ ಮೊದಲಿನಿಂದ ಕಾಫಿ, ಬೀಡಿ ಬೇಡ. ತೋಳು ಎದೆಯ ಮಟ್ಟದಲ್ಲಿರಲಿ, ಅಳೆಯುವಾಗ ಮಾತು ಬೇಡ. ಒಮ್ಮೆ ಹೆಚ್ಚು ಬಂದರೆ ಇನ್ನೊಂದು ದಿನ ಮತ್ತೆ ನೋಡಿಯೇ ತೀರ್ಮಾನಿಸುತ್ತಾರೆ.

ಬಿಪಿ ಮಾತ್ರೆ ವಿಷಯದಲ್ಲಿ ಆಗುವ ತಪ್ಪು ಒಂದೇ ಬಗೆಯದು. ಎರಡು ತಿಂಗಳು ನುಂಗಿ, ಅಂಕಿ 126/80ಕ್ಕೆ ಬಂದ ಕೂಡಲೇ ‘ವಾಸಿಯಾಯಿತು’ ಎಂದು ನಿಲ್ಲಿಸುವುದು. ಜ್ವರದ ಮಾತ್ರೆಯಿಂದ ಕಲಿತ ಅಭ್ಯಾಸ ಇದು. ಅಲ್ಲಿ ಅದು ಸರಿ, ಇಲ್ಲಿ ಸರಿಯಲ್ಲ. ಅಂಕಿ ಇಳಿದಿರುವುದೇ ಮಾತ್ರೆಯ ಕಾರಣದಿಂದ. ವೈದ್ಯರನ್ನು ಕೇಳದೆ ನಿಲ್ಲಿಸಿದರೆ ಅದು ಸದ್ದಿಲ್ಲದೆ ಮತ್ತೆ ಏರುತ್ತದೆ. ತಲೆನೋವು, ತಲೆಸುತ್ತು ಏನೂ ಕಾಣಿಸದಿರಬಹುದು.

ಮುದ್ದೆ, ಅನ್ನ, ಇಡ್ಲಿ: ಯಾವುದು ಒಳ್ಳೆಯದು?

‘ರಾಗಿ ಮುದ್ದೆ ತಿಂದರೆ ಶುಗರ್ ಬರಲ್ಲ’ ಎಂಬ ಮಾತು ಕರ್ನಾಟಕದಲ್ಲಿ ಜನಜನಿತ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಹೆಚ್ಚು ಎಂಬುದು ನಿಜ. ಆದರೆ ನುಣ್ಣಗೆ ಬೀಸಿದ ಹಿಟ್ಟಿನ ಎರಡು ದಪ್ಪ ಮುದ್ದೆಯನ್ನು ತರಕಾರಿಯಿಲ್ಲದ ಸಾರಿನೊಂದಿಗೆ ನುಂಗಿದರೆ ರಕ್ತದ ಸಕ್ಕರೆ ಏರದೆ ಇರುವುದಿಲ್ಲ. ಹೊಲದಲ್ಲಿ ದುಡಿದ ಅಜ್ಜನಿಗೆ ಅದು ಒಗ್ಗಿತ್ತು. ಸ್ಟೇರಿಂಗ್ ಅಥವಾ ಕಂಪ್ಯೂಟರ್ ಮುಂದೆ ಕೂರುವ ಮೊಮ್ಮಗನಿಗೆ ಒಂದು ಪುಟ್ಟ ಮುದ್ದೆ, ಜೊತೆಗೆ ಬಸ್ಸಾರು, ಕಾಳಿನ ಪಲ್ಯ ಸಾಕು.

ಅನ್ನವನ್ನು ಪೂರ್ತಿ ಬಿಡುವ ಅಗತ್ಯವೂ ಇಲ್ಲ. ನಮ್ಮ ಊಟದಲ್ಲಿ ಪಿಷ್ಟದ ಪಾಲು ತೀರಾ ಹೆಚ್ಚು, ಬೇಳೆಕಾಳು ಮೊಟ್ಟೆ ಮೀನಿನ ಪಾಲು ಕಡಿಮೆ ಎಂಬುದೇ ಮುಖ್ಯ ತೊಂದರೆ. ಇಂಡಿಯಾಬ್ ತಂಡ 18,090 ಮಂದಿಯ ಆಹಾರವನ್ನು ವಿಶ್ಲೇಷಿಸಿ 2022ರಲ್ಲಿ ಹೇಳಿದ್ದೂ ಇದನ್ನೇ: ಪಿಷ್ಟ ಇಳಿಸಿ, ಪ್ರೊಟೀನ್ ಏರಿಸಿ. ಲಾರಿ ನಿಲ್ಲಿಸಿದ ಹೋಟೆಲಿನಲ್ಲಿ ಇದನ್ನು ಪಾಲಿಸುವುದು ಹೇಗೆ? ಮೂರು ಪರೋಟದ ಬದಲು ಒಂದು, ಜೊತೆಗೆ ಎರಡು ಮೊಟ್ಟೆ ಅಥವಾ ಸುಂಡಲ್. ಟೀ ಬೇಕೇ ಬೇಕು ಎಂದರೆ ಸಕ್ಕರೆ ಅರ್ಧ. ಇಷ್ಟು ಬದಲಾವಣೆಗೆ ಹೋಟೆಲ್ ಬದಲಿಸಬೇಕಿಲ್ಲ.

ಉಪ್ಪಿನ ಮಿತಿ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು. ಉಪ್ಪಿನಕಾಯಿ, ಹಪ್ಪಳ, ಚಿಪ್ಸ್ ಎಲ್ಲವೂ ಇದರಲ್ಲೇ ಸೇರಬೇಕು. ಪ್ಯಾಕೆಟ್ ಮೇಲೆ ಉಪ್ಪು ಎಂದು ಬರೆದಿರುವುದಿಲ್ಲ, ಸೋಡಿಯಂ ಎಂದಿರುತ್ತದೆ. 400 ಮಿಲಿಗ್ರಾಂ ಸೋಡಿಯಂ ಎಂದರೆ 1 ಗ್ರಾಂ ಉಪ್ಪು ಎಂದು ಲೆಕ್ಕ ಇಟ್ಟುಕೊಳ್ಳಿ. ‘ಶುಗರ್ ಫ್ರೀ’ ಎಂದು ಬರೆದ ಬಿಸ್ಕೆಟ್‌ನಲ್ಲಿ ಸಕ್ಕರೆ ಇಲ್ಲದಿರಬಹುದು, ಮೈದಾ ಇದ್ದೇ ಇರುತ್ತದೆ. ಕಡಿಮೆ ಸೋಡಿಯಂ ಇರುವ ಉಪ್ಪು ಈಗ ಅಂಗಡಿಗಳಲ್ಲಿ ಸಿಗುತ್ತದೆ. ಅದರಲ್ಲಿ ಪೊಟ್ಯಾಸಿಯಂ ಇರುವುದರಿಂದ ಕಿಡ್ನಿ ತೊಂದರೆ ಇರುವವರು ಕೇಳದೆ ಬಳಸಬಾರದು.

ಮನೆ ಬಾಗಿಲಿಗೆ ಬರುವ ತಪಾಸಣೆ

ತಮಿಳುನಾಡು ಸರ್ಕಾರದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ 2021ರ ಆಗಸ್ಟ್ 5ರಂದು ಶುರುವಾದದ್ದು ಚೆನ್ನೈನಲ್ಲಲ್ಲ, ನಮ್ಮ ಗಡಿಗೆ ಅಂಟಿಕೊಂಡ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ. ಯೋಜನೆಯ ಹೆಸರಿನ ಅರ್ಥ ‘ಜನರನ್ನು ಹುಡುಕಿಕೊಂಡು ಬರುವ ವೈದ್ಯಕೀಯ ಸೇವೆ’. ಮಹಿಳಾ ಆರೋಗ್ಯ ಸ್ವಯಂಸೇವಕಿಯರು ಮನೆಗೆ ಬಂದು ಬಿಪಿ, ಶುಗರ್ ನೋಡುತ್ತಾರೆ, ಈಗಾಗಲೇ ಕಾಯಿಲೆ ಇರುವವರಿಗೆ ಮಾತ್ರೆ ತಲುಪಿಸುತ್ತಾರೆ. 2024ರಲ್ಲಿ ಇದಕ್ಕೆ ವಿಶ್ವಸಂಸ್ಥೆಯ ಅಂತರ ಸಂಸ್ಥಾ ಕಾರ್ಯಪಡೆಯ ಪ್ರಶಸ್ತಿಯೂ ಬಂತು. ಕರ್ನಾಟಕದಲ್ಲಿ ‘ಗೃಹ ಆರೋಗ್ಯ’ ಯೋಜನೆ 2024ರಲ್ಲಿ ಕೋಲಾರ ಜಿಲ್ಲೆಯಿಂದ ಆರಂಭವಾಯಿತು.

ಇಂಥ ಯೋಜನೆಗಳ ಬಲ ಮಾತ್ರೆಯಲ್ಲಿ ಮಾತ್ರ ಇಲ್ಲ. ಬರುವಾಕೆ ಅದೇ ಬೀದಿಯ ಭಾಷೆಯಲ್ಲಿ ಮಾತನಾಡುತ್ತಾಳೆ, ಮುಂದಿನ ತಿಂಗಳು ಮತ್ತೆ ಬರುತ್ತಾಳೆ. ಎಸ್‌ಎಂಎಸ್ ಮಾಡಿದ ಕೆಲಸವನ್ನೇ ಆಕೆ ಎದುರು ನಿಂತು ಮಾಡುತ್ತಾಳೆ. ತೊಡಕಿರುವುದು ಇಂದು ಮಾಧವರಂ, ನಾಳೆ ನೆಲ್ಲೂರು ಎಂದು ಓಡಾಡುವ ಚಾಲಕನಿಗೆ. ಸ್ವಯಂಸೇವಕಿ ಬಾಗಿಲು ತಟ್ಟುವಾಗ ಆತ ಮನೆಯಲ್ಲಿರುವುದಿಲ್ಲ. ಅಂಥವರು ಹಳೆಯ ವರದಿ, ಔಷಧ ಚೀಟಿಗಳ ಫೋಟೋ ತೆಗೆದು ಮೊಬೈಲ್‌ನಲ್ಲಿ ಒಂದೇ ಕಡೆ ಇಟ್ಟುಕೊಂಡರೆ ಯಾವ ಊರಿನ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋದರೂ ಮೊದಲಿನಿಂದ ಶುರು ಮಾಡಬೇಕಿಲ್ಲ.

ವೈದ್ಯರ ಬಳಿ ಏನು ಕೇಳಬೇಕು?

ಎದ್ದು ಬರುವ ಮುನ್ನ ಮೂರು ಪ್ರಶ್ನೆ ಕೇಳಿ: ನನ್ನ ಅಂಕಿ ಎಷ್ಟು? ಅದು ಎಷ್ಟಕ್ಕೆ ಬರಬೇಕು? ಮತ್ತೆ ಯಾವಾಗ ಪರೀಕ್ಷೆ? ಆಮೇಲೆ ಅವರು ಹೇಳಿದ್ದನ್ನು ನಿಮ್ಮ ಮಾತಿನಲ್ಲೇ ತಿರುಗಿ ಹೇಳಿ. "ಅಂದ್ರೆ ಡಾಕ್ಟ್ರೇ, ಈ ಬಿಳಿ ಮಾತ್ರೆ ರಾತ್ರಿ ಊಟ ಆದ್ಮೇಲೆ, ಇದನ್ನ ನಿಲ್ಲಿಸೋ ಹಾಗಿಲ್ಲ, ಅಲ್ವಾ?" ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ. ವೈದ್ಯರು, ನರ್ಸ್‌ಗಳು ತಾವಾಗಿಯೇ ರೋಗಿಯಿಂದ ಹೀಗೆ ಹೇಳಿಸುವ ಪದ್ಧತಿ ಹಲವು ದೇಶಗಳಲ್ಲಿದೆ. ನಮ್ಮ ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಅದನ್ನು ನಿರೀಕ್ಷಿಸುವುದು ಕಷ್ಟ, ಹಾಗಾಗಿ ನಾವೇ ಶುರು ಮಾಡುವುದು ಒಳ್ಳೆಯದು.

ಚೆನ್ನೈನಲ್ಲಿರುವ ಕನ್ನಡಿಗರಿಗೆ ಕೆಲವು ಪದಗಳು ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ತಮಿಳಿನಲ್ಲಿ ಮಧುಮೇಹಕ್ಕೆ ‘ಸರ್ಕರೈ ನೋಯ್’ ಅಥವಾ ‘ನೀರಿಳಿವು’ ಎನ್ನುತ್ತಾರೆ. ರಕ್ತದೊತ್ತಡ ‘ರತ್ತ ಅಳುತ್ತಂ’, ಕೊಬ್ಬು ‘ಕೊಳುಪ್ಪು’, ಮಾತ್ರೆ ‘ಮಾತ್ತಿರೈ’. ‘ವೆರುಂ ವಯಿರು’ ಎಂದರೆ ಖಾಲಿ ಹೊಟ್ಟೆ. ‘ಸಾಪ್ಪಾಟ್ಟುಕ್ಕು ಮುನ್’ ಎಂದರೆ ಊಟಕ್ಕೆ ಮೊದಲು, ‘ಪಿನ್’ ಎಂದರೆ ನಂತರ. ಎಡವುವುದು ‘ಕಾಲೈ’, ‘ಮಾಲೈ’ ಎಂಬಲ್ಲಿ. ಔಷಧ ಅಂಗಡಿಯವರು ‘ಕಾಲೈ ಒಣ್ಣು, ಮಾಲೈ ಒಣ್ಣು’ ಎಂದರೆ ಕಾಲಿಗೂ ಇಲ್ಲ, ಮಾಲೆಗೂ ಇಲ್ಲ. ಬೆಳಗ್ಗೆ ಒಂದು, ಸಂಜೆ ಒಂದು ಎಂದರ್ಥ. ಆದರೂ ಅನುಮಾನವಿದ್ದರೆ ಮಾತ್ರೆ ಪಟ್ಟಿಯ ಹಿಂದೆ ಸೂರ್ಯ, ಚಂದ್ರನ ಚಿತ್ರ ಬರೆದುಕೊಡಲು ಕೇಳಿ. ಅದಕ್ಕೆ ಯಾವ ಭಾಷೆಯೂ ಬೇಕಿಲ್ಲ.